ಅರ್ಲಿ ಡಿಸಿಷನ್ ರಿಸಲ್ಟ್ ಈ ವಾರ: ಡಿಫರ್ ಅಥವಾ ರಿಜೆಕ್ಟ್ ಬಂದ್ರೆ ಜನವರಿ 1ರೊಳಗೆ ಏನು ಮಾಡೋದು?

ಜಯನಗರ_ಅಮ್ಮ
ಡಿಸೆಂಬರ್ 10, ರಾತ್ರಿ 10:40

ಮಗಳು ಸಿಬಿಎಸ್‌ಇ 12ನೇ ಕ್ಲಾಸು. ಅಮೆರಿಕದ ಒಂದು ಕಾಲೇಜಿಗೆ ನವೆಂಬರ್ 1ರ ಗಡುವಿಗೆ ಅರ್ಲಿ ಡಿಸಿಷನ್ (ಇಡಿ, ಅಂದ್ರೆ ಸಿಕ್ಕರೆ ಹೋಗಲೇಬೇಕು ಅನ್ನೋ ಕರಾರಿನ ಮೊದಲ ಸುತ್ತಿನ ಅರ್ಜಿ) ಹಾಕಿದ್ದಾಳೆ. ಫೈನಾನ್ಶಿಯಲ್ ಏಡ್ (ಖರ್ಚಿಗೆ ಕಾಲೇಜು ಕೊಡೋ ನೆರವು) ಕೂಡ ಕೇಳಿದ್ದೀವಿ. ಈ ವಾರವೇ ರಿಸಲ್ಟು. ನೂರಕ್ಕೆ ಹತ್ತು ಜನಕ್ಕೂ ಸಿಗದ ಕಾಲೇಜು ಅಂತ ಗೊತ್ತಿದ್ದೇ ಹಾಕಿದ್ದು, ಆದ್ರೂ ಮನೇಲಿ ಈಗ ಯಾರೂ ಆ ಕಾಲೇಜಿನ ಹೆಸರು ಎತ್ತುತ್ತಿಲ್ಲ.

ತಿಳಿದವರು ಹೇಳಿ: ರಿಸಲ್ಟ್ ನಮ್ಮ ಟೈಮಲ್ಲಿ ಎಷ್ಟು ಹೊತ್ತಿಗೆ ಬರುತ್ತೆ? ಡಿಫರ್ ಅಂದ್ರೆ ಮರ್ಯಾದೆಯಾಗಿ ‘ಇಲ್ಲ’ ಅಂದ ಹಾಗಾ? ಇಲ್ಲ ಅಂತಲೇ ಬಂದ್ರೆ ತಕ್ಷಣ ಇಡಿ 2 (ಅರ್ಲಿ ಡಿಸಿಷನ್‌ನ ಎರಡನೇ ಸುತ್ತು) ಹಾಕಬೇಕಾ? ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಇನ್ನೂ ಒಂಬತ್ತು ಕಾಲೇಜು ಸೇರಿಸಿಟ್ಟಿದ್ದಾಳೆ, ಒಂದರ ಎಸ್ಸೇನೂ ಮುಗಿದಿಲ್ಲ. ಜನವರಿಯಲ್ಲಿ ಪ್ರಾಕ್ಟಿಕಲ್ಸ್, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ ಬೇರೆ.

ಬಸವನಗುಡಿ_ಮೇಷ್ಟ್ರು
ಡಿಸೆಂಬರ್ 11, ಬೆಳಗ್ಗೆ 6:15

ಮೇಡಂ, ಮೊದಲು ಗಡಿಯಾರದ ವಿಷಯ ಮುಗಿಸೋಣ. ಡಿಸೆಂಬರ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7 ಆದಾಗ ನಮಗೆ ಮಾರನೇ ದಿನ ಬೆಳಗಿನ ಜಾವ 5:30. ಅಲ್ಲಿ ಸಂಜೆ 5 ಅಂದ್ರೆ ನಮಗೆ 3:30. ಕಾಲೇಜಿನವರು 12ನೇ ತಾರೀಕು ಅಂತ ಹಾಕಿದ್ರೆ ನೀವು 13ರ ಬೆಳಗ್ಗೆ ಅಂತ ಓದ್ಕೋಬೇಕು. ತಾರೀಕು ತಪ್ಪಾಗಿ ಲೆಕ್ಕ ಹಾಕಿ ಇಡೀ ಒಂದು ದಿನ ‘ಯಾಕೆ ಬಂದಿಲ್ಲ’ ಅಂತ ಒದ್ದಾಡೋ ಮನೆಗಳು ಪ್ರತಿ ವರ್ಷ ಇರ್ತವೆ. ಮಾರ್ಚ್ ಎರಡನೇ ಭಾನುವಾರದಿಂದ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಆಗ ವ್ಯತ್ಯಾಸ ಒಂಬತ್ತೂವರೆ ಗಂಟೆ. ಜನವರಿ ಗಡುವಿನ ರೆಗ್ಯುಲರ್ ಸುತ್ತಿನ ರಿಸಲ್ಟಿಗೆ ಈ ಲೆಕ್ಕ ಬೇಕಾಗುತ್ತೆ. ಅಮೆರಿಕದ ಎಂಐಟಿಯವರದು ಇನ್ನೂ ಮಜಾ: ಮಾರ್ಚ್ 14ರ ಪೈ ದಿನ ಸಂಜೆ 6:28ಕ್ಕೆ ಬಿಡ್ತಾರೆ, ಎರಡು ಪೈ ಅನ್ನೋ ಲೆಕ್ಕದಲ್ಲಿ. ನಮಗೆ ಅದು 15ರ ಬೆಳಗಿನ ಜಾವ 3:58.

ಹಿಂದಿನ ರಾತ್ರಿ ಮಾಡಬೇಕಾದ್ದು ಒಂದೇ ಕೆಲಸ. ಕಾಲೇಜಿನ ಅಪ್ಲಿಕೆಂಟ್ ಪೋರ್ಟಲ್‌ಗೆ ಒಮ್ಮೆ ಲಾಗಿನ್ ಆಗಿ, ಪಾಸ್‌ವರ್ಡ್ ಕೆಲಸ ಮಾಡುತ್ತೆ ಅಂತ ಖಚಿತ ಮಾಡ್ಕೊಳ್ಳಿ. ಫಲಿತಾಂಶ ಇಮೇಲ್‌ನಲ್ಲಿ ಇರಲ್ಲ. ‘ನಿಮ್ಮ ಪೋರ್ಟಲ್‌ನಲ್ಲಿ ಹೊಸ ಪತ್ರ ಇದೆ’ ಅಂತ ಮಾತ್ರ ಬರುತ್ತೆ. ಮೊದಲ ಹತ್ತು ನಿಮಿಷ ಸರ್ವರ್ ತಡವರಿಸೋದೂ ಇದೆ, ಪೇಜ್ ತೆರೆಯಲಿಲ್ಲ ಅಂದ್ರೆ ಅದಕ್ಕೆ ಬೇರೆ ಅರ್ಥ ಹುಡುಕಬೇಡಿ.

ಆ ದಿನ ಬೆಳಗ್ಗೆ ಪ್ರೀ-ಬೋರ್ಡ್ ಪರೀಕ್ಷೆ ಇದ್ರೆ ರಿಸಲ್ಟ್ ತೆರೆಯೋದೇ ಬೇಡ. 5:30ಕ್ಕೆ ಪತ್ರ ಓದಿ, ಏಳೂವರೆಗೆ ಸ್ಕೂಲ್ ವ್ಯಾನ್ ಹತ್ತಿ, ಒಂಬತ್ತಕ್ಕೆ ಫಿಸಿಕ್ಸ್ ಪೇಪರ್ ಬರೆಯೋದು ಸಿಹಿ ಸುದ್ದಿ ಬಂದ್ರೂ ಕಷ್ಟವೇ. ಪತ್ರ ಸಂಜೆವರೆಗೂ ಅಲ್ಲೇ ಇರುತ್ತೆ. ಯಾವಾಗ ತೆರೀಬೇಕು, ಪಕ್ಕದಲ್ಲಿ ಯಾರಿರಬೇಕು ಅನ್ನೋದನ್ನ ಮಗಳೇ ಹೇಳಲಿ, ಇವತ್ತೇ ಕೇಳಿಟ್ಕೊಳ್ಳಿ. ಫೋನ್ ಹಿಡ್ಕೊಂಡು ವಿಡಿಯೋ ಮಾಡೋದಂತೂ ಖಂಡಿತ ಬೇಡ.

ಈಗ ಮೂರು ಉತ್ತರಗಳು. ಅಡ್ಮಿಟ್ ಗೊತ್ತೇ ಇದೆ. ಡಿನೈ ಅಂದ್ರೆ ಆ ಕಾಲೇಜು ಈ ವರ್ಷಕ್ಕೆ ಮುಗೀತು, ರೆಗ್ಯುಲರ್ ಸುತ್ತಿನಲ್ಲಿ ಮತ್ತೆ ಹಾಕೋಕೆ ಬಿಡಲ್ಲ, ಕಾರಣವನ್ನೂ ಹೇಳಲ್ಲ. ಫೋನ್ ಮಾಡಿ ಕೇಳೋದರಿಂದ ಪ್ರಯೋಜನ ಇಲ್ಲ. ಡಿಫರ್ ಅಂದ್ರೆ ಅರ್ಜಿ ರೆಗ್ಯುಲರ್ ಗುಂಪಿಗೆ ಹೋಗುತ್ತೆ, ಇನ್ನೊಮ್ಮೆ ಓದಿ ಮಾರ್ಚ್‌ನಲ್ಲಿ ಉತ್ತರ ಹೇಳ್ತಾರೆ. ಡಿಫರ್ ಆಗಿರೋದಕ್ಕೆ ಎಷ್ಟು ಬೆಲೆ ಅನ್ನೋದು ಕಾಲೇಜಿನ ಅಭ್ಯಾಸದ ಮೇಲೆ ನಿಂತಿದೆ. ಸ್ಟ್ಯಾನ್‌ಫರ್ಡ್ ಕೆಲವರನ್ನಷ್ಟೇ ಡಿಫರ್ ಮಾಡಿ ಮಿಕ್ಕವರಿಗೆ ಅಲ್ಲೇ ಇಲ್ಲ ಅಂದುಬಿಡುತ್ತೆ. ಎಂಐಟಿ ಅರ್ಧಕ್ಕಿಂತ ಹೆಚ್ಚು ಜನರನ್ನ ಡಿಫರ್ ಮಾಡುತ್ತೆ. ಮೊದಲನೇ ಥರದ ಕಾಲೇಜಿನಿಂದ ಡಿಫರ್ ಬಂದ್ರೆ ಅರ್ಜಿಯಲ್ಲಿ ಏನೋ ಹಿಡಿಸಿದೆ ಅಂತ ಅರ್ಥ. ಎರಡನೇ ಥರದ್ದರಿಂದ ಬಂದ್ರೆ ಅದರಿಂದ ಹೆಚ್ಚೇನೂ ತಿಳಿಯಲ್ಲ.

ಪೈಪೋಟಿ ಎಂಥದು ಅಂತ ಮನೆಯವರಿಗೂ ಗೊತ್ತಿರಲಿ. 2023ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ಗೆ ಅರ್ಲಿ ಸುತ್ತಿನಲ್ಲಿ 7,921 ಅರ್ಜಿ ಬಂದಿತ್ತು, ತಗೊಂಡಿದ್ದು 692. ಯೇಲ್‌ನಲ್ಲಿ 7,856ಕ್ಕೆ 709. ಇದರಲ್ಲೂ ಕ್ರೀಡಾಪಟುಗಳು ಸೇರಿದ ಹಾಗೆ ಕಾಲೇಜಿನವರೇ ಮೊದಲೇ ಗೊತ್ತುಮಾಡಿಕೊಂಡ ಹುಡುಗರು ಅರ್ಲಿಯಲ್ಲೇ ಜಾಸ್ತಿ. ‘ಅರ್ಲಿಯಲ್ಲಿ ಪರ್ಸೆಂಟೇಜ್ ಹೆಚ್ಚು’ ಅಂತ ಕನ್ಸಲ್ಟೆಂಟ್‌ಗಳು ತೋರಿಸೋ ಅಂಕಿಯಲ್ಲಿ ಅವರೂ ಸೇರಿರ್ತಾರೆ. ನಿಮ್ಮ ಮಗಳ ಪಾಲಿಗೆ ಅದು ಅಷ್ಟು ದೊಡ್ಡ ಅಂಕಿ ಅಲ್ಲ.

ಹೆಬ್ಬಾಳ_ಹೊಸಬ
ಡಿಸೆಂಬರ್ 11, ಬೆಳಗ್ಗೆ 9:02

ಒಂದು ಡೌಟು. ಇಡಿ ಅಗ್ರಿಮೆಂಟಿಗೆ ಸಹಿ ಹಾಕಿದ ಮೇಲೆ ಡಿಫರ್ ಆದ್ರೂ ಬಂಧನ ಹಾಗೇ ಇರುತ್ತಲ್ವಾ? ಮಾರ್ಚ್‌ನಲ್ಲಿ ಸಿಕ್ಕರೆ ಹೋಗಲೇಬೇಕು ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹೇಳ್ತಿದ್ರು.

ಲೆಕ್ಕದ_ಪುಸ್ತಕ
ಡಿಸೆಂಬರ್ 11, ಬೆಳಗ್ಗೆ 9:30

ಇಲ್ಲ. ಡಿಫರ್ ಆದ ಕ್ಷಣಕ್ಕೆ ಬಂಧನ ಬಿಟ್ಟುಹೋಯ್ತು. ಮಾರ್ಚ್‌ನಲ್ಲಿ ಅದೇ ಕಾಲೇಜು ‘ಬಾ’ ಅಂದ್ರೂ ಮೇ 1ರವರೆಗೆ ಯೋಚನೆ ಮಾಡೋ ಹಕ್ಕು ನಿಮ್ಮದೇ. ಅದಕ್ಕೇ ಡಿಫರ್ ಆದವರು ಬೇರೆ ಕಾಲೇಜಿಗೆ ಇಡಿ 2 ಹಾಕಬಹುದು. ಆದ್ರೆ ಇಡಿ 2ರಲ್ಲಿ ಸಿಕ್ಕರೆ ಡಿಫರ್ ಮಾಡಿದ ಕಾಲೇಜಿನಿಂದ ಅರ್ಜಿ ವಾಪಸ್ ತಗೋಬೇಕು, ಇದು ಮರೆಯೋ ಹಾಗಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳ ರಿಸ್ಟ್ರಿಕ್ಟಿವ್ ಅರ್ಲಿ ಆ್ಯಕ್ಷನ್ (ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕೋ ಹಾಗಿಲ್ಲದ ಸುತ್ತು) ಮೊದಲಿಂದಲೂ ಬಂಧನವಲ್ಲ, ಅಲ್ಲಿ ಸಿಕ್ಕರೂ ಬೇರೆ ಕಡೆ ನೋಡಬಹುದು.

ಜಯನಗರದ ಮೇಡಂ ಕೇಳಿದ ಇಡಿ 2 ವಿಷಯಕ್ಕೆ ಬರ್ತೀನಿ. ಇದರಲ್ಲಿ ದುಡ್ಡಿನ ಭಾಗವನ್ನ ಎಲ್ಲರೂ ಕೊನೆಗಿಟ್ಟುಕೊಳ್ತಾರೆ, ನಾನು ಮೊದಲಿಗೇ ಇಡ್ತೀನಿ.

ಹಾರ್ವರ್ಡ್, ಯೇಲ್ ಥರದ ಎಂಟು ಕಾಲೇಜುಗಳ ಐವಿ ಲೀಗ್‌ನಲ್ಲಿ ಯಾವುದಕ್ಕೂ ಇಡಿ 2 ಇಲ್ಲ. ಇರೋದು ಜಾನ್ಸ್ ಹಾಪ್ಕಿನ್ಸ್, ವ್ಯಾಂಡರ್‌ಬಿಲ್ಟ್, ಎಮರಿ, ಟಫ್ಟ್ಸ್, ಎನ್‌ವೈಯು, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ, ಪೊಮೋನಾ, ಸ್ವಾರ್ತ್‌ಮೋರ್ ಇಂಥವಕ್ಕೆ. ಗಡುವು ಜನವರಿ ಮೊದಲ ವಾರದ ಆಸುಪಾಸು, ಉತ್ತರ ಫೆಬ್ರವರಿ ಮಧ್ಯಕ್ಕೆ, ಸರಿಯಾಗಿ ಬೋರ್ಡ್ ಪರೀಕ್ಷೆ ಶುರುವಾಗೋ ಹೊತ್ತಿಗೆ. ಇಡಿ 2 ಅಂದ್ರೆ ಅದೂ ಸಿಕ್ಕರೆ ಹೋಗಲೇಬೇಕಾದ ಕರಾರು. ನಿನ್ನೆವರೆಗೂ ಪಟ್ಟಿಯಲ್ಲಿ ಐದನೇ ಜಾಗದಲ್ಲಿದ್ದ ಕಾಲೇಜನ್ನ ನಾಲ್ಕೇ ದಿನದಲ್ಲಿ ‘ಇದೇ ನನ್ನ ಕನಸು’ ಅಂತ ಬರೆಯೋ ಪರಿಸ್ಥಿತಿ ಬಂದ್ರೆ ನಿಲ್ಲಿಸಿ. ರಿಜೆಕ್ಟ್ ಆದ ನೋವಿಗೆ ಇಡಿ 2 ಮುಲಾಮು ಅಂತ ಹಚ್ಚೋರೇ ಜಾಸ್ತಿ.

ಏಡ್ ಕೇಳೋರಿಗೆ ಇನ್ನೊಂದು ಮಾತು. ಹೊರದೇಶದ ಮಕ್ಕಳು ಏಡ್ ಕೇಳಿದ್ದಾರೆ ಅನ್ನೋದನ್ನ ಅಡ್ಮಿಷನ್ ತೀರ್ಮಾನದಲ್ಲಿ ಲೆಕ್ಕಕ್ಕೆ ತಗೊಳ್ಳದ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೌಡನ್, 2025ರಲ್ಲಿ ಸೇರಿದ ಬ್ಯಾಚಿನಿಂದ ಬ್ರೌನ್, ಇನ್ನು ಕೆಲವು. ಮಿಕ್ಕ ಬಹುತೇಕ ಕಡೆ ನೀವು ಕೇಳೋ ಮೊತ್ತವೂ ತಕ್ಕಡಿಯಲ್ಲಿ ಒಂದು ಬಟ್ಟು. ಹಾಗಂತ ಏಡ್ ಕೇಳದೆ ಸೀಟು ತಗೊಂಡು, ಸೇರಿದ ಮೇಲೆ ನೋಡ್ಕೊಳ್ಳೋಣ ಅನ್ನಬೇಡಿ. ಮೊದಲ ವರ್ಷ ಕೇಳದ ಹೊರದೇಶದ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲೂ ಕೊಡಲ್ಲ ಅಂತ ಹಲವು ಕಾಲೇಜುಗಳು ಬರೆದೇ ಇಟ್ಟಿವೆ.

ಏಡ್ ಕಳೆದು ನಿಮಗೆ ಎಷ್ಟು ಖರ್ಚು ಬೀಳುತ್ತೆ ಅಂತ ಅಂದಾಜು ತೋರಿಸೋ, ಕಾಲೇಜಿನ ವೆಬ್‌ಸೈಟಲ್ಲಿರೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಅಮೆರಿಕದಲ್ಲಿರೋ ಕುಟುಂಬಗಳಿಗೆ ಅಂತ ಮಾಡಿದ್ದು. ಅದು ತೋರಿಸೋ ಅಂಕಿ ನಂಬಿ ಕರಾರಿಗೆ ಸಹಿ ಹಾಕಬೇಡಿ. ಸಿಎಸ್‌ಎಸ್ ಪ್ರೊಫೈಲ್ (ಏಡ್‌ಗೆ ಮನೆಯ ಆದಾಯ, ಆಸ್ತಿ ವಿವರ ಕೊಡೋ ಆನ್‌ಲೈನ್ ಅರ್ಜಿ) ತುಂಬುವಾಗ ಬೆಂಗಳೂರಿನವರು ಎಡವೋ ಜಾಗ ಒಂದಿದೆ: ಮನೆ, ಸೈಟುಗಳ ಇವತ್ತಿನ ಬೆಲೆ. ತಾತ ತಗೊಂಡ 30x40 ಸೈಟಿಗೆ ಇವತ್ತಿನ ಮಾರ್ಕೆಟ್ ರೇಟು ಹಾಕಿದ್ರೆ, ಸಂಬಳ ಸಾಧಾರಣ ಇದ್ರೂ ಕಾಗದದ ಮೇಲೆ ನೀವು ಕೋಟ್ಯಧಿಪತಿ. ಸುಳ್ಳು ಹಾಕಿ ಅಂತ ಹೇಳ್ತಿಲ್ಲ. ಬೆಲೆಯನ್ನ ನಿಜವೇ ಹಾಕಿ, ಆದ್ರೆ ಕೊನೆಯ ವಿವರಣೆ ಜಾಗದಲ್ಲಿ ‘ಇದು ಅಣ್ಣತಮ್ಮಂದಿರ ಜಂಟಿ ಆಸ್ತಿ, ನಮ್ಮ ಪಾಲು ಇಷ್ಟು, ಮಾರೋಕೆ ಆಗಲ್ಲ, ಬಾಡಿಗೆ ಇಷ್ಟು ಬರುತ್ತೆ’ ಅಂತ ನಾಲ್ಕು ಸಾಲು ಬರೀರಿ. ರೂಪಾಯಿಯಲ್ಲಿ ತುಂಬುವಾಗ ಸೊನ್ನೆಗಳನ್ನ ಇಬ್ಬರು ಎಣಿಸಿ. ಶುಲ್ಕ ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16.

ಯಲಹಂಕ_ಅಪ್ಪ
ಡಿಸೆಂಬರ್ 11, ಮಧ್ಯಾಹ್ನ 1:20

ಸಿಕ್ಕಿಬಿಟ್ಟರೆ ಏನು ಕಥೆ ಅಂತ ಯಾರೂ ಹೇಳ್ತಿಲ್ಲವಲ್ಲ! ಇಡಿಯಲ್ಲಿ ಅಡ್ಮಿಟ್ ಆಗಿ, ಕೊಟ್ಟ ಏಡ್ ಸಾಲದೇ ಹೋದ್ರೆ?

ಲೆಕ್ಕದ_ಪುಸ್ತಕ
ಡಿಸೆಂಬರ್ 11, ಮಧ್ಯಾಹ್ನ 2:05

ಕೇಳಿದ್ದು ಒಳ್ಳೇದಾಯ್ತು ಸರ್. ಏಡ್ ಅರ್ಜಿ ಗಡುವಿನೊಳಗೆ ಹಾಕಿದ್ರೆ ಏಡ್ ಪತ್ರ ಸಾಮಾನ್ಯವಾಗಿ ಅಡ್ಮಿಷನ್ ಪತ್ರದ ಜೊತೆಗೋ ಸ್ವಲ್ಪ ದಿನದಲ್ಲೋ ಬರುತ್ತೆ. ಅದರಲ್ಲಿ ಮೂರು ಅಂಕಿ ಬೇರೆ ಬೇರೆ ಮಾಡಿ ಬರೆದುಕೊಳ್ಳಿ: ತೀರಿಸಬೇಕಿಲ್ಲದ ಗ್ರಾಂಟ್, ತೀರಿಸಬೇಕಾದ ಸಾಲ, ಮಗು ಕ್ಯಾಂಪಸ್‌ನಲ್ಲಿ ದುಡಿದು ಗಳಿಸಬೇಕಾದ್ದು. ‘ಒಟ್ಟು ಏಡ್’ ಅಂತ ದಪ್ಪಕ್ಷರದಲ್ಲಿ ಇರೋದು ಈ ಮೂರನ್ನೂ ಕೂಡಿಸಿದ್ದಾಗಿರಬಹುದು. ಟ್ಯೂಷನ್, ಊಟ-ವಸತಿ, ಹೆಲ್ತ್ ಇನ್ಶೂರೆನ್ಸ್, ವರ್ಷಕ್ಕೊಮ್ಮೆ ಬಂದುಹೋಗೋ ವಿಮಾನ ಎಲ್ಲ ಸೇರಿಸಿ, ಅದರಿಂದ ಗ್ರಾಂಟ್ ಮಾತ್ರ ಕಳೆದು, ನಾಲ್ಕರಿಂದ ಗುಣಿಸಿ. ಪ್ರತಿ ವರ್ಷ ಫೀಸು ಏರುತ್ತೆ, ಡಾಲರ್ ಕೂಡ ನಿಂತಲ್ಲಿ ನಿಲ್ಲಲ್ಲ.

ಆಗದ ಮೊತ್ತ ಅನ್ನಿಸಿದ್ರೆ ಡಿಪಾಸಿಟ್ ಕಟ್ಟೋ ಮೊದಲೇ ಏಡ್ ಆಫೀಸಿಗೆ ಮರುಪರಿಶೀಲನೆ ಕೇಳಿ ಬರೀರಿ. ಕಾಗದ ಬೇಕು: ಫಾರ್ಮ್ 16, ಐಟಿಆರ್, ಗೃಹಸಾಲದ ಇಎಂಐ ಸ್ಟೇಟ್‌ಮೆಂಟ್, ಮನೆಯಲ್ಲಿ ಯಾರದಾದರೂ ಚಿಕಿತ್ಸೆಯ ದೊಡ್ಡ ಖರ್ಚಿದ್ರೆ ಅದರ ಬಿಲ್ಲು. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್ ಅಂತ ಒಂದು ಸಾಲು ಸೇರಿಸಿ, ಅವರದು ಜನವರಿಯಿಂದ ಡಿಸೆಂಬರ್. ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಅಂತ ನಿರ್ದಿಷ್ಟ ಮೊತ್ತ ಹೇಳಿ. ‘ದಯವಿಟ್ಟು ಹೆಚ್ಚು ಕೊಡಿ’ ಅನ್ನೋ ಪತ್ರಕ್ಕೆ ಬೆಲೆ ಇಲ್ಲ. ಆಮೇಲೂ ಆಗದಿದ್ರೆ, ಹಣದ ಕಾರಣಕ್ಕೆ ಇಡಿ ಕರಾರಿನಿಂದ ಬಿಡುಗಡೆ ಕೇಳೋ ದಾರಿ ಇದೆ. ಅದನ್ನ ಬರವಣಿಗೆಯಲ್ಲಿ ಕೇಳಿ, ಅವರ ಒಪ್ಪಿಗೆಯೂ ಬರವಣಿಗೆಯಲ್ಲಿ ಬರಲಿ, ಸ್ಕೂಲಿನ ಕೌನ್ಸೆಲರ್‌ಗೂ ತಿಳಿಸಿ. ಸುಮ್ಮನೆ ಡಿಪಾಸಿಟ್ ಕಟ್ಟದೆ ಕೂರೋದು ತಪ್ಪು. ಆ ಅಗ್ರಿಮೆಂಟಿಗೆ ಸ್ಕೂಲೂ ಸಹಿ ಹಾಕಿದೆ, ಮುಂದಿನ ಬ್ಯಾಚಿನ ಮಕ್ಕಳಿಗೆ ಅದು ತಟ್ಟಬಹುದು.

ಏಡ್ ಸಾಕು ಅನ್ನಿಸಿದ್ರೆ ಅಂದಿನಿಂದಲೇ ಮಿಕ್ಕ ಎಲ್ಲ ಅರ್ಜಿ ವಾಪಸ್ ತಗೊಳ್ಳಿ. ‘ಇನ್ನೆಲ್ಲಿ ಸಿಗುತ್ತೆ ನೋಡೋಣ’ ಅಂತ ಇಟ್ಟುಕೊಳ್ಳೋದು ಕರಾರಿಗೆ ವಿರುದ್ಧ. ಬೋರ್ಡ್ ಮಾರ್ಕ್ಸ್ ತೀರಾ ಬಿದ್ದರೆ ಕೊಟ್ಟ ಸೀಟನ್ನೂ ವಾಪಸ್ ತಗೊಳ್ಳಬಹುದು ಅಂತ ಅಡ್ಮಿಷನ್ ಪತ್ರದಲ್ಲೇ ಇರುತ್ತೆ, ಹುಡುಗರಿಗೆ ಆ ಸಾಲು ಓದಿಸಿ.

ಸಂಪಿಗೆ_ರಸ್ತೆ
ಡಿಸೆಂಬರ್ 11, ಸಂಜೆ 7:48

ಅಮೆರಿಕದ ಕ್ಯಾಲೆಂಡರ್ ಎಲ್ಲರೂ ಹೇಳ್ತಾರೆ, ಅದರ ಪಕ್ಕಕ್ಕೆ ನಮ್ಮೂರಿನ ಕ್ಯಾಲೆಂಡರನ್ನೂ ಇಟ್ಕೊಂಡು ನೋಡಿ.

ರಿಸಲ್ಟ್ ಬರೋದು ಡಿಸೆಂಬರ್ 12ರಿಂದ 18ರ ಒಳಗೆ. ಇಲ್ಲಿನ ಬಹುತೇಕ ಸ್ಕೂಲುಗಳು ಕ್ರಿಸ್‌ಮಸ್ ರಜೆಗೆ 23 ಅಥವಾ 24ಕ್ಕೆ ಬಾಗಿಲು ಹಾಕ್ತವೆ. ಅಂದ್ರೆ ಕೌನ್ಸೆಲರ್ ಕೈಗೆ ಸಿಗೋದು ಹೆಚ್ಚಂದ್ರೆ ಹತ್ತು ದಿನ, ರಿಸಲ್ಟ್ ತಡವಾಗಿ ಬಂದ್ರೆ ಒಂದು ವಾರವೂ ಇಲ್ಲ. ಗಡುವು ಜನವರಿ 1 ಅಂತ ನೀವು ನಿಧಾನ ಮಾಡಿದ್ರೆ ಎಸ್ಸೇ ರೆಡಿ ಇರುತ್ತೆ, ಇಡಿ 2 ಅಗ್ರಿಮೆಂಟಿಗೆ ಸಹಿ ಹಾಕೋರು ಮಡಿಕೇರಿಯಲ್ಲಿ ಇರ್ತಾರೆ. ರಿಸಲ್ಟ್ ಬಂದ ಎರಡೇ ದಿನದಲ್ಲಿ ಕೌನ್ಸೆಲರ್‌ಗೆ ಒಂದೇ ಮೇಲ್ ಹಾಕಿ: ಯಾವ ಯಾವ ಕಾಲೇಜು, ಯಾವ ಗಡುವು, ಯಾವುದಕ್ಕೆ ಟ್ರಾನ್ಸ್‌ಕ್ರಿಪ್ಟ್ ಮತ್ತು ಶಿಫಾರಸು ಪತ್ರ ಇನ್ನೂ ಹೋಗಬೇಕು. ಒಂದೊಂದು ಕಾಲೇಜಿಗೆ ಒಂದೊಂದು ವಾಟ್ಸಾಪ್ ಕಳಿಸಬೇಡಿ, ನೂರು ಮಕ್ಕಳ ನಡುವೆ ಕಳೆದುಹೋಗುತ್ತೆ.

ಪಿಯು ಕಾಲೇಜಿನಲ್ಲಿ ಓದೋ ಮಕ್ಕಳಿಗೆ ಕೌನ್ಸೆಲರ್ ಅನ್ನೋ ಹುದ್ದೆಯೇ ಇರಲ್ಲ. ಪ್ರಿನ್ಸಿಪಾಲರೇ ಆ ಜಾಗದಲ್ಲಿ ಸಹಿ ಹಾಕಬೇಕು. ಅವರ ಟೇಬಲ್ ಮೇಲೆ ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಅಂಕಪಟ್ಟಿ, ದ್ವಿತೀಯ ಪಿಯು ಮಿಡ್‌ಟರ್ಮ್ ಅಂಕ, ಕಾಲೇಜಿನ ಸೀಲು ಮೂರೂ ಒಟ್ಟಿಗೆ ಸೇರೋ ಹಾಗೆ ನೋಡ್ಕೊಳ್ಳಿ.

ಹೊಸ ಅರ್ಜಿ ಎಷ್ಟು ಅಂತ ಕೇಳಿದ್ರೆ, ಒಂಬತ್ತು ಬೇಡ. ಒಂದು ಕಾಲೇಜಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಸಪ್ಲಿಮೆಂಟ್ ಎಸ್ಸೇ (ಆ ಕಾಲೇಜೇ ಪ್ರತ್ಯೇಕವಾಗಿ ಕೇಳೋದು) ಇರುತ್ತೆ. ಒಂದು ಎಸ್ಸೇಗೆ ಬರೆಯೋಕೆ ಒಂದು ದಿನ, ಮಡಚಿಟ್ಟು ಮತ್ತೆ ತಿದ್ದೋಕೆ ಇನ್ನೊಂದು ದಿನ. ಹದಿನೈದು ದಿನದಲ್ಲಿ ಐದು, ಹೆಚ್ಚಂದ್ರೆ ಆರು ಕಾಲೇಜು. ಅದರಲ್ಲಿ ಎರಡಾದ್ರೂ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನ ತಗೊಳ್ಳೋ ಕಾಲೇಜಾಗಿರಲಿ, ಮಗಳು ಹೋಗೋಕೆ ಒಪ್ಪೋ ಕಾಲೇಜಾಗಿರಲಿ, ನಿಮ್ಮ ಕೈಗೆಟುಕೋ ಕಾಲೇಜಾಗಿರಲಿ. ಈ ಮೂರರಲ್ಲಿ ಒಂದು ತಪ್ಪಿದ್ರೂ ಅದು ಸೇಫ್ ಕಾಲೇಜಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳ ಗಡುವು ಡಿಸೆಂಬರ್ ಮೊದಲ ದಿನಗಳಿಗೇ ಮುಗಿದಿರುತ್ತೆ, ಅದನ್ನ ಹುಡುಕ್ತಾ ಕೂರಬೇಡಿ.

ಇನ್ನು ಇಲ್ಲಿನದು. ಸಿಬಿಎಸ್‌ಇ ಪ್ರಾಕ್ಟಿಕಲ್ಸ್ ಜನವರಿ 1ರಿಂದ, ಥಿಯರಿ ಫೆಬ್ರವರಿ ಮಧ್ಯದಿಂದ. ದ್ವಿತೀಯ ಪಿಯುಗೆ ಜನವರಿಯಲ್ಲಿ ಪ್ರಿಪರೇಟರಿ, ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಪರೀಕ್ಷೆ 1. ಜೆಇಇ ಮೇನ್‌ನ ಜನವರಿ ಸುತ್ತಿನ ನೋಂದಣಿ ನವೆಂಬರ್‌ಗೇ ಮುಗಿದಿರುತ್ತೆ, ಏಪ್ರಿಲ್ ಸುತ್ತಿಗೆ ಫೆಬ್ರವರಿಯಲ್ಲಿ ತೆರೆಯುತ್ತೆ. ಸಿಇಟಿ ಏಪ್ರಿಲ್‌ನಲ್ಲಿ, ಕಾಮೆಡ್-ಕೆ ಮೇನಲ್ಲಿ. ‘ಅಮೆರಿಕಕ್ಕೇ ಹೋಗೋದು’ ಅಂತ ಸಿಇಟಿ ಅರ್ಜಿಯನ್ನೇ ಹಾಕದೆ ಬಿಟ್ಟು ಆಮೇಲೆ ಸಿಇಟಿ ನಡೆಸೋ ಕೆಇಎ ಬಾಗಿಲು ಬಡಿಯೋರು ಇದ್ದಾರೆ. ಎಂಜಿನಿಯರಿಂಗ್ ಬೇಕು ಅನ್ನೋರಿಗೆ ಅರ್ಜಿ ಹಾಕಿಟ್ಟರೆ ನಷ್ಟವೇನಿಲ್ಲ. ಸಿಇಟಿ ರ್‍ಯಾಂಕಿಗೆ ಅರ್ಧ ಅಂಕ ಬೋರ್ಡ್‌ನ ಪಿಸಿಎಂನಿಂದಲೇ ಬರುತ್ತೆ, ಸಿಬಿಎಸ್‌ಇ ಮಕ್ಕಳಿಗೂ ಅಷ್ಟೆ. ಹಾಗಾಗಿ ಬೋರ್ಡ್‌ಗೆ ಓದಿದ್ದು ಎರಡೂ ಕಡೆ ಸಲ್ಲುತ್ತೆ. ಬೆಳಗ್ಗೆ ಓದು, ಸಂಜೆ ಎರಡು ಗಂಟೆ ಎಸ್ಸೇ. ಉಲ್ಟಾ ಮಾಡಿದ್ರೆ ಎಸ್ಸೇ ಇಡೀ ದಿನ ತಿಂದುಬಿಡುತ್ತೆ.

ಜಯನಗರ_ಅಮ್ಮ
ಡಿಸೆಂಬರ್ 13, ಬೆಳಗ್ಗೆ 11:10

ಎಲ್ಲರಿಗೂ ಥ್ಯಾಂಕ್ಸ್. ಡಿಫರ್ ಬಂದಿದೆ. ಈಗ ಕಾಲೇಜಿಗೆ ಪತ್ರ ಬರೀಬೇಕಂತಲ್ಲ, ಅದು ಹೇಗೆ, ಯಾವಾಗ? ಅವಳು ಇವತ್ತೇ ಬರೆದು ಕಳಿಸ್ತೀನಿ ಅಂತ ಕೂತಿದ್ದಾಳೆ.

ಬಸವನಗುಡಿ_ಮೇಷ್ಟ್ರು
ಡಿಸೆಂಬರ್ 13, ಮಧ್ಯಾಹ್ನ 12:30

ಇವತ್ತು ಬೇಡ. ಇವತ್ತು ಬರೆದ ಪತ್ರದಲ್ಲಿ ‘ಯಾಕೆ ನನ್ನನ್ನ ತಗೊಳ್ಳಲಿಲ್ಲ’ ಅನ್ನೋ ಸ್ವರ ಎಷ್ಟು ಮುಚ್ಚಿಟ್ಟರೂ ಇಣುಕುತ್ತೆ. ಲ್ಯಾಪ್‌ಟಾಪ್ ಮುಚ್ಚಿಸಿ.

ಮೊದಲು ಡಿಫರ್ ಪತ್ರವನ್ನೇ ನಿಧಾನವಾಗಿ ಓದಿ. ಏನು ಕಳಿಸಬಹುದು, ಎಲ್ಲಿ ಕಳಿಸಬೇಕು ಅಂತ ಅದರಲ್ಲೇ ಇರುತ್ತೆ. ಕೆಲವು ಕಾಲೇಜು ಪೋರ್ಟಲ್‌ನಲ್ಲಿ ಒಂದು ಫಾರ್ಮ್ ಕೊಡ್ತವೆ. ಎಂಐಟಿಯಲ್ಲಿ ಅದಕ್ಕೆ ‘ಫೆಬ್ರವರಿ ಅಪ್‌ಡೇಟ್ಸ್ ಅಂಡ್ ನೋಟ್ಸ್’ ಅಂತಲೇ ಹೆಸರು. ಕೆಲವರು ಮಿಡ್-ಇಯರ್ ರಿಪೋರ್ಟ್ (12ನೇ ಕ್ಲಾಸಿನ ಮಧ್ಯದವರೆಗಿನ ಅಂಕಗಳ ವರದಿ) ಬಿಟ್ಟು ಇನ್ನೇನೂ ಬೇಡ ಅಂತ ಬರೆದಿರ್ತಾರೆ. ಬೇಡ ಅಂದ ಕಡೆ ಕಳಿಸಿದ್ರೆ ಉತ್ಸಾಹ ಅಂತ ತಿಳ್ಕೊಳ್ಳಲ್ಲ, ಹೇಳಿದ್ದು ಓದಿಲ್ಲ ಅಂತ ತಿಳ್ಕೊಳ್ತಾರೆ.

ಪತ್ರಕ್ಕೆ ಅವಕಾಶ ಇದ್ರೆ ಜನವರಿ ಮಧ್ಯದಿಂದ ಕೊನೆಯೊಳಗೆ ಕಳಿಸಿ, ಆಗ ಹೊಸದಾಗಿ ಹೇಳೋಕೆ ಏನಾದ್ರೂ ಇರುತ್ತೆ. ಒಂದೇ ಪುಟ, 300-400 ಪದ, ಇಂಗ್ಲಿಷ್‌ನಲ್ಲಿ, ಮಗಳೇ ಬರೀಬೇಕು. ನೀವು ಬರೆದುಕೊಟ್ಟರೆ ಅರ್ಜಿಯ ದನಿಗೂ ಪತ್ರದ ದನಿಗೂ ತಾಳೆ ಬೀಳಲ್ಲ.

ಮೊದಲ ಎರಡು ಸಾಲಿನಲ್ಲಿ ಹೆಸರು, ಅರ್ಜಿಯ ನಂಬರು, ಮತ್ತೆ ಪರಿಶೀಲಿಸ್ತಿರೋದಕ್ಕೆ ಕೃತಜ್ಞತೆ. ಆಮೇಲೆ, ಸಿಕ್ಕರೆ ಖಂಡಿತ ಸೇರ್ತೀನಿ ಅನ್ನೋದು ನಿಜವಾಗಿದ್ರೆ ಮಾತ್ರ ಆ ಮಾತು ಹೇಳಲಿ. ಇಡಿ 2 ಬೇರೆ ಕಡೆ ಹಾಕಿ, ಇಲ್ಲೂ ‘ನೀವೇ ನನ್ನ ಮೊದಲ ಆಯ್ಕೆ’ ಅಂತ ಬರೆಯೋದು ಸುಳ್ಳು.

ಮಧ್ಯಭಾಗವೇ ಪತ್ರದ ಜೀವ. ನವೆಂಬರ್ 1ರ ನಂತರ ಆಗಿದ್ದು ಮಾತ್ರ ಅಲ್ಲಿ ಬರಬೇಕು. ‘ನನಗೆ ಪರಿಸರದ ಬಗ್ಗೆ ಅಪಾರ ಆಸಕ್ತಿ, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ’ ಅನ್ನೋ ಸಾಲನ್ನ ಅವರು ಆ ದಿನವೇ ನೂರು ಸಲ ಓದಿರ್ತಾರೆ. ಅದರ ಬದಲು ಹೀಗೆ: ‘ಅರ್ಜಿಯಲ್ಲಿ ಹೇಳಿದ್ದ ಬೆಳ್ಳಂದೂರು ಕೆರೆಯ ಕೆಲಸ ಮುಂದುವರಿದಿದೆ. ನವೆಂಬರ್‌ನಿಂದ ವಾರಕ್ಕೊಮ್ಮೆ ಮೂರು ಕಡೆಯಿಂದ ನೀರು ತಗೊಂಡು ಕರಗಿದ ಆಮ್ಲಜನಕ ಅಳೆದೆ. ಮೂರನೇ ವಾರ ಒಂದು ಕಡೆಯ ಅಂಕಿ ಏಕಾಏಕಿ ಏರಿತ್ತು. ಬಾಟಲಿಯೊಳಗೆ ಗಾಳಿಗುಳ್ಳೆ ಉಳಿದಿದ್ದರಿಂದ ಹಾಗಾಗಿದ್ದು ಅಂತ ಗೊತ್ತಾಗಿ, ಆ ವಾರದ ಅಂಕಿ ತೆಗೆದುಹಾಕಿ, ನೀರು ತುಂಬೋ ವಿಧಾನ ಬದಲಾಯಿಸಿದೆ.’ ಬಹುಮಾನ ಬಂದಿಲ್ಲ, ಪೇಪರ್ ಪ್ರಕಟವಾಗಿಲ್ಲ, ಆದ್ರೂ ಓದೋರಿಗೆ ಈ ಹುಡುಗಿ ಕೆಲಸ ಹೇಗೆ ಮಾಡ್ತಾಳೆ ಅಂತ ಕಾಣುತ್ತೆ. ಗಾಳಿಗುಳ್ಳೆಯ ಸಾಲು ತೆಗೆದುಹಾಕಿದ್ರೆ ಇದೂ ಎಲ್ಲರ ಪತ್ರದ ಹಾಗೇ ಆಗುತ್ತೆ. ಹೊಸದೇನೂ ನಡೆದಿಲ್ಲ ಅಂದ್ರೆ ಎರಡೇ ಪ್ಯಾರಾ ಬರೆದು ಮುಗಿಸಿ. ಇಲ್ಲದ್ದನ್ನ ಜನವರಿಯಲ್ಲಿ ಹುಟ್ಟಿಸಬೇಡಿ. ವಾರದೊಳಗೆ ಶುರುವಾದ ಎನ್‌ಜಿಒಗಳ ವಾಸನೆ ಅವರಿಗೆ ದೂರದಿಂದಲೇ ಹೊಡೆಯುತ್ತೆ.

ಜೊತೆಗೆ ಮಿಡ್-ಇಯರ್ ರಿಪೋರ್ಟ್. ಇದು ಸ್ಕೂಲಿನಿಂದಲೇ ಹೋಗಬೇಕು, ನೀವು ಕಳಿಸೋ ಹಾಗಿಲ್ಲ. ನಮ್ಮಲ್ಲಿ ತೊಂದರೆ ಆಗೋದು ಇಲ್ಲೇ. ಹುಡುಗರು ಮೈಮರೀಬಾರದು ಅಂತ ಸ್ಕೂಲುಗಳು ಪ್ರೀ-ಬೋರ್ಡ್‌ನಲ್ಲಿ ಬಿಗಿಯಾಗಿ ಮಾರ್ಕ್ಸ್ ಹಾಕ್ತವೆ. ಹನ್ನೊಂದರಲ್ಲಿ 94 ಇದ್ದವಳಿಗೆ ಪ್ರೀ-ಬೋರ್ಡ್‌ನಲ್ಲಿ 83 ಬಂದ್ರೆ, ಅಮೆರಿಕದಲ್ಲಿ ಓದೋರಿಗೆ ಅದು ಕುಸಿತ ಅಂತಲೇ ಕಾಣುತ್ತೆ. ಕೌನ್ಸೆಲರ್ ಆ ರಿಪೋರ್ಟಿನಲ್ಲಿ ಒಂದು ಸಾಲು ಸೇರಿಸಬೇಕು: ಈ ಪರೀಕ್ಷೆಯಲ್ಲಿ ಬಿಗಿಯಾಗಿ ಮೌಲ್ಯಮಾಪನ ಮಾಡ್ತೀವಿ, ತರಗತಿಯ ಸರಾಸರಿ ಇಷ್ಟು, ಈಕೆಯ ಸ್ಥಾನ ಇಂಥದ್ದು. ಇದನ್ನ ನೀವು ಕೇಳದೆ ಯಾರೂ ಬರೆಯಲ್ಲ.

ಹೆಚ್ಚುವರಿ ಶಿಫಾರಸು ಪತ್ರಕ್ಕೆ ಅವಕಾಶ ಇದ್ರೆ ಒಂದೇ ಒಂದು, ಅದೂ ಅವಳ ಕೆಲಸ ಕಣ್ಣಾರೆ ಕಂಡ ಮೇಷ್ಟ್ರು ಅಥವಾ ಮೇಡಂ ಕಡೆಯಿಂದ. ಶಾಸಕರ ಲೆಟರ್‌ಹೆಡ್, ಕಂಪನಿ ಎಂ.ಡಿ.ಗಳ ಪ್ರಶಂಸಾಪತ್ರ ಬೇಡವೇ ಬೇಡ.

ನಿಧಾನಿ
ಡಿಸೆಂಬರ್ 13, ರಾತ್ರಿ 9:25

ಪತ್ರ, ಫಾರ್ಮು ಎಲ್ಲ ಸರಿ. ಮನೆಯೊಳಗಿನ ಮಾತಿನ ಬಗ್ಗೆಯೂ ಸ್ವಲ್ಪ ಹೇಳ್ತೀನಿ.

ಮೊದಲ ಎರಡು ದಿನ ‘ಆಗೋದೆಲ್ಲ ಒಳ್ಳೇದಕ್ಕೇ’ ಅನ್ನಬೇಡಿ. ಮಕ್ಕಳಿಗೆ ಆ ಹೊತ್ತಿನಲ್ಲಿ ಅದು ‘ನಿನ್ನ ನೋವು ದೊಡ್ಡದಲ್ಲ’ ಅಂದ ಹಾಗೆ ಕೇಳಿಸುತ್ತೆ. ‘ನಾನು ಆಗಲೇ ಹೇಳಿದ್ದೆ’ ಅನ್ನೋದು ಅದಕ್ಕಿಂತ ಕೆಟ್ಟದ್ದು. ‘ಬೇಜಾರಾಗಿದೆ ಅಲ್ವಾ ಪುಟ್ಟಾ, ಊಟ ಮಾಡೋಣ ಬಾ’ ಅಷ್ಟು ಸಾಕು. ಪ್ಲಾನ್ ಮಾತು ಮೂರನೇ ದಿನಕ್ಕೆ. ಅದಕ್ಕೂ ಹೊತ್ತು ಗೊತ್ತುಮಾಡಿ, ದಿನಕ್ಕೆ ಅರ್ಧ ಗಂಟೆ. ಮಿಕ್ಕ ಹೊತ್ತು ಊಟದ ತಟ್ಟೆ ಮುಂದೆ ಕಾಲೇಜಿನ ಸುದ್ದಿ ಬರಬಾರದು. ಮನೇಲಿ ತಂಗಿ-ತಮ್ಮ ಇದ್ರೆ ಅವರಿಗೂ ಹೇಳಿಡಿ.

ನೆಂಟರಿಷ್ಟರಿಗೆ ಒಂದು ಸಾಲು ರೆಡಿ ಇಟ್ಕೊಳ್ಳಿ: ‘ರಿಸಲ್ಟೆಲ್ಲ ಏಪ್ರಿಲ್ ಹೊತ್ತಿಗೆ ಗೊತ್ತಾಗುತ್ತೆ, ಆಗ ನಾವೇ ಫೋನ್ ಮಾಡ್ತೀವಿ.’ ಇದು ನಿಜವೂ ಹೌದು. ಕೇಳೋರೆಲ್ಲ ನಿಮ್ಮ ಹತ್ತಿರವೇ ಕೇಳಲಿ, ಮಗಳವರೆಗೂ ಹೋಗೋದು ಬೇಡ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚೋಕೆ ಹೋದಾಗ ಈ ಪ್ರಶ್ನೆ ಬಂದೇ ಬರುತ್ತೆ, ಅವಳಿಗೆ ಹೋಗೋ ಮನಸ್ಸಿಲ್ಲದಿದ್ರೆ ಒತ್ತಾಯ ಮಾಡಬೇಡಿ. ಕ್ಲಾಸಿನ ವಾಟ್ಸಾಪ್ ಗ್ರೂಪನ್ನ ಜನವರಿವರೆಗೆ ಮ್ಯೂಟ್, ಇನ್‌ಸ್ಟಾಗ್ರಾಮ್ ಒಂದು ವಾರ ಫೋನಿನಿಂದ ಆಚೆ. ಕಾಲೇಜಿನ ಟೀ-ಶರ್ಟ್ ಹಾಕ್ಕೊಂಡು ಹಾಕೋ ಫೋಟೋಗಳು ಆ ವಾರದಲ್ಲೇ ಜಾಸ್ತಿ. ಕಾಲೇಜಿನ ಹೆಸರಿರೋ ಮಗ್ಗು, ಸ್ವೆಟರ್ ನೀವೇ ಮುಂಚಿತವಾಗಿ ತರಿಸಿಟ್ಟಿದ್ರೆ ಸದ್ದಿಲ್ಲದೆ ಎತ್ತಿಡಿ.

ನಾಲ್ಕೈದು ದಿನ ಅಳು, ಸಿಟ್ಟು, ಊಟ ಬೇಡ ಅನ್ನೋದು ಇದ್ದದ್ದೇ. ಎರಡು ವಾರ ಆದ್ರೂ ನಿದ್ದೆ ಸರಿಹೋಗದಿದ್ರೆ, ಸ್ನೇಹಿತರನ್ನ ಪೂರ್ತಿ ಬಿಟ್ಟಿದ್ರೆ, ಪುಸ್ತಕ ತೆರೆದರೆ ಎದೆ ಹೊಡ್ಕೊಳ್ಳುತ್ತೆ ಅಂದ್ರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರು 14416, ಹಗಲೂ ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಥರದ ಮಾತು ತಮಾಷೆಗೆ ಅಂದ ಹಾಗಿದ್ರೂ ಎರಡು ವಾರದ ಲೆಕ್ಕ ಬಿಡಿ, ಅವತ್ತೇ ಫೋನ್ ಮಾಡಿ, ಒಬ್ಬಳನ್ನೇ ಬಿಡಬೇಡಿ, ನಿಮ್ಹಾನ್ಸ್ ನಮ್ಮೂರಲ್ಲೇ ಇದೆ, ಕರ್ಕೊಂಡು ಹೋಗಿ. ಅಪ್ಪ-ಅಮ್ಮಂದಿರೂ ಆ ನಂಬರಿಗೆ ಫೋನ್ ಮಾಡಬಹುದು, ಮಕ್ಕಳಿಗೆ ಮಾತ್ರ ಅಂತೇನಿಲ್ಲ.

ಸಂಪಿಗೆ_ರಸ್ತೆ
ಡಿಸೆಂಬರ್ 14, ಬೆಳಗ್ಗೆ 8:05

ಒಂದು ಸಣ್ಣ ವಿಷಯ ಬಿಟ್ಟುಹೋಗಿತ್ತು. ಅರ್ಜಿ ಶುಲ್ಕ ಕಟ್ಟೋ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇದೆಯಾ ಅಂತ ಇವತ್ತೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ, ಮಿತಿಯನ್ನೂ ಏರಿಸಿಡಿ. ಆರು ಅರ್ಜಿ ಒಂದೇ ರಾತ್ರಿ ಕಟ್ಟಿದ್ರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬ್ಯಾಂಕು ಅನುಮಾನದಿಂದ ತಡೆಹಿಡಿಯಬಹುದು. ಕಾಮನ್ ಆ್ಯಪ್ ಗಡುವು ಸಾಮಾನ್ಯವಾಗಿ ನೀವಿರೋ ಊರಿನ ಸಮಯಕ್ಕೆ ರಾತ್ರಿ 11:59, ಅಮೆರಿಕದ ಸಮಯಕ್ಕಲ್ಲ. ಇನ್ನೂ ಹತ್ತೂವರೆ ಗಂಟೆ ಇದೆ ಅಂತ ಜನವರಿ 2ರ ಬೆಳಗ್ಗೆವರೆಗೆ ಉಳಿಸ್ಕೋಬೇಡಿ. 29ಕ್ಕೆ ಸಬ್‌ಮಿಟ್ ಒತ್ತಿ, ಪಿಡಿಎಫ್ ಇಳಿಸಿಕೊಂಡು, ಒತ್ತಿದ ಮೇಲೆ ಬರೋ ಹಸಿರು ಗುರುತು ಪ್ರತಿ ಕಾಲೇಜಿನ ಮುಂದೂ ಇದೆಯಾ ನೋಡಿ. ಶುಲ್ಕ ಕಟ್ಟಿದ್ದೇ ಸಬ್‌ಮಿಟ್ ಅಂತ ತಿಳ್ಕೊಂಡು ಕೊನೆಯ ಸಹಿ ಪೇಜ್ ಹಾಕದೆ ಬಿಡೋರೂ ಇದ್ದಾರೆ.

ಜಯನಗರ_ಅಮ್ಮ
ಡಿಸೆಂಬರ್ 14, ಬೆಳಗ್ಗೆ 8:40

ಕಾರ್ಡ್ ನೋಡಿದೆ, ಆಫ್ ಇತ್ತು. ಆನ್ ಮಾಡಿದೆ. ಒಂಬತ್ತರಲ್ಲಿ ನಾಲ್ಕು ಕಾಲೇಜನ್ನ ಅವಳೇ ತೆಗೆದುಹಾಕಿದಳು, ಸದ್ಯಕ್ಕೆ ಇಡಿ 2 ಬೇಡವಂತೆ. ಕೌನ್ಸೆಲರ್‌ಗೆ ಮೇಲ್ ನಾಳೆ ಹೋಗುತ್ತೆ, ಪ್ರೀ-ಬೋರ್ಡ್‌ನ ಆ ಒಂದು ಸಾಲನ್ನೂ ಅದರಲ್ಲೇ ಕೇಳ್ತೀವಿ.